ಉಣ್ಣುವ ಮೊದಲು ಬಾಗಿಲಾಚೆ

ಲಷ್ಕರ್ ಮೊಹಲ್ಲಾದ ಹೊಸ್ತಿಲಲ್ಲಿ ನನ್ನ ಪಾಲಿಗೆ ಇನ್ನೂ ನಿಂತೇ ಇರುವ ಅವ್ವನಿಗೆ,

ಹಡಗಿನ ಕೆಲಸಕ್ಕೆ ಸೇರುತ್ತೇನೆಂದು ನಾನು ಹೇಳಿದ ದಿನ ನೀನು ಅವರೆಕಾಳು ಹಿದುಕುತ್ತಾ ಕೂತಿದ್ದೆ. ತಲೆ ಕೂಡ ಎತ್ತದೆ, "ನೀರೇ ಬೇಕು ಅಂದ್ರೆ ಕುಕ್ಕರಹಳ್ಳಿ ಕೆರೆ ಇಲ್ವೇನೋ?" ಎಂದೆ. ಗಿರಿಜಕ್ಕ ಕಿಸಕ್ಕನೆ ನಕ್ಕಳು. ಅಪ್ಪ ತೀರಿಹೋಗಿ, ದಿನಸಿ ಅಂಗಡಿ ಮುಚ್ಚಿ, ಮನೆಯಲ್ಲಿ ನಗುವೇ ಅಪರೂಪವಾಗಿದ್ದ ಕಾಲ ಅದು. ಕೊನೆಗೆ ನೀನೇ ಹಣೆಗೆ ವಿಭೂತಿ ಹಚ್ಚಿ ಕಳಿಸಿಕೊಟ್ಟೆ. ಸಮುದ್ರವನ್ನು ನೀನು ಒಂದು ಸಲವೂ ನೋಡಲಿಲ್ಲ. ಕರೆದುಕೊಂಡು ಹೋಗಬಹುದಿತ್ತು ನಾನು... ಹೋಗಲಿ ಬಿಡು.

ರಾತ್ರಿ ತಟ್ಟೆ ಹಾಕಿದ ಮೇಲೆ ನೀನು ಬೀದಿಗೆ ಹೋಗಿ ನಿಲ್ಲುತ್ತಿದ್ದುದು ನೆನಪಿದೆಯಾ? ಸಾರಿನ ವಾಸನೆಗೆ ನನ್ನ ಹೊಟ್ಟೆ ಚುರುಗುಟ್ಟುತ್ತಿದ್ದರೂ ನೀನು ಓಣಿಯ ಆ ತುದಿ, ಈ ತುದಿ ನೋಡದೆ ಬಡಿಸುತ್ತಿರಲಿಲ್ಲ. ಹಸಿದವರು ಯಾರಾದರೂ ಕಂಡರೆ ಅವರಿಗೆ ಮೊದಲ ತುತ್ತು. ಮಠದಲ್ಲಿ ದಾಸೋಹ ನೋಡಿ ಬೆಳೆದವಳು ನೀನು. "ಉಂಡಾದ್ಮೇಲೆ ನೋಡಿದ್ರೆ ಆಗಲ್ವೇನವ್ವ?" ಎಂದು ನಾನು ಗೊಣಗಿದರೆ, "ಹೊಟ್ಟೆಗೆ ಅನ್ನ ಬಿದ್ಮೇಲೆ ಕಣ್ಣು ಮಂಕಾಗ್ಬುಡ್ತದೆ ಕಣೋ. ಮೊದ್ಲೇ ನೋಡ್ಬುಡ್ಬೇಕು" ಎನ್ನುತ್ತಿದ್ದೆ. ಆಮೇಲೆ ಒಳಗೆ ಬಂದು, "ಯಾರೂ ಇಲ್ಲ, ಬನ್ನಿ ಉಣ್ಣನ" ಎಂದರೆ ಸಾಕು, ನಾನೂ ಅಕ್ಕನೂ ತಟ್ಟೆಗೆ ಮುಗಿಬೀಳುತ್ತಿದ್ದೆವು.

ನಿನಗೆ ಕಾಯಿಲೆ ಜೋರಾಗಿದೆ, ಕೂಡಲೇ ಬಾ ಎಂಬ ಸಂದೇಶ ಬಂದಾಗ ನಾನು ಗೋಧಿ ಹೊತ್ತ ಹಡಗಿನಲ್ಲಿ ಚೀಫ್ ಆಫೀಸರ್ ಆಗಿದ್ದೆ. ಬಂಗಾಳ ಕೊಲ್ಲಿಯಲ್ಲಿ ಚೆನ್ನೈ ಕಡೆಗೆ ಹೊರಟಿದ್ದೆವು. ಕ್ಯಾಪ್ಟನ್ ಹೆಚ್ಚು ಮಾತಿನ ಮನುಷ್ಯನಲ್ಲ. ಸಂದೇಶದ ಚೀಟಿ ಓದಿ, ಎಂಜಿನ್ ರೂಮಿಗೆ ಫೋನ್ ಮಾಡಿ ವೇಗ ಹೆಚ್ಚಿಸಲು ಹೇಳಿದರು. "ದಡ ಮುಟ್ಟಿದ ತಕ್ಷಣ ಮೊದಲು ಇಳಿಯುವವರು ನೀವು" ಎಂದು ನನ್ನ ಭುಜ ತಟ್ಟಿದರು. ಮುಟ್ಟುತ್ತೇನೆ, ಅವ್ವನ ಮುಖ ನೋಡುತ್ತೇನೆ ಎಂದು ನಾನೂ ನಂಬಿದ್ದೆ.

ಮರುದಿನ ಸಂಜೆ ನನ್ನನ್ನು ಊಟಕ್ಕೆ ಕಳಿಸಿ ಪಾಳಿ ವಹಿಸಿಕೊಳ್ಳಲು ಕಿರಿಯ ಅಧಿಕಾರಿ ಮೇಲೆ, ಹಡಗು ನಡೆಸುವ ಕೋಣೆಗೆ ಬಂದ. ಹಿಂದಿನ ದಿನದ ಬಿರುಗಾಳಿ ಹೋಗಿತ್ತು, ಅಲೆಗಳ ಸಿಟ್ಟು ಮಾತ್ರ ಇಳಿದಿರಲಿಲ್ಲ. ಕೆಲಸ ಒಪ್ಪಿಸಿ ಮೆಟ್ಟಿಲಿಳಿಯಬೇಕಾದವನು ಹೊರಗೆ ಹೋಗಿ ನಿಂತೆ. ದಿನವೂ ಹಾಗೇ ಮಾಡುತ್ತಿದ್ದೆ. "ಯಾರಾದರೂ ಅತಿಥಿಗಳಿದ್ದಾರಾ ಸರ್?" ಎಂದು ಆ ಹುಡುಗ ರೇಗಿಸುವುದೂ ದಿನದ ಮಾತೇ. ಮುಂದೆ ನೋಡಿದೆ, ಪಕ್ಕಕ್ಕೆ ನೋಡಿದೆ. ಹಿಂದೆ, ನಾವು ಆಗಲೇ ದಾಟಿ ಬಂದ ನೀರಿನಲ್ಲಿ, ಏನೋ ಅಲುಗಿತು. ದುರ್ಬೀನಿನಲ್ಲಿ ನೋಡಿದರೆ ಬೋರಲು ಬಿದ್ದ ಮರದ ದೋಣಿ. ಅದರ ಬೆನ್ನಿಗೆ ಅಂಟಿಕೊಂಡ ಮನುಷ್ಯರು. ಒಬ್ಬ ಲುಂಗಿ ಬಿಚ್ಚಿ ಬೀಸುತ್ತಿದ್ದ. ರೇಡಾರಿನಲ್ಲಿ ಅದರ ಗುರುತೇ ಇರಲಿಲ್ಲ.

ದೋಣಿ ಕಂಡಿತೆಂದು ಕೂಗಿ ಹೇಳುವ ಮುಂಚೆ ಒಂದು ಗಳಿಗೆಯಾದರೂ ತಾಯಿಯ ಯೋಚನೆ ಬಂತಾ ಎಂದು ಆಮೇಲೆ ತುಂಬಾ ಜನ ಕೇಳಿದ್ದಾರೆ. ಬರಲಿಲ್ಲ ಅವ್ವಾ. ಅದೇ ನನ್ನನ್ನು ಇವತ್ತಿಗೂ ಕೊರೆಯುತ್ತದೆ. ನೀನು ಅಲ್ಲಿ ನನ್ನ ದಾರಿ ಕಾಯುತ್ತಿದ್ದಾಗ, ಹಡಗು ತಿರುಗುವಷ್ಟೂ ಹೊತ್ತು, ನೀನು ನನಗೆ ನೆನಪೇ ಆಗಲಿಲ್ಲ.

ಕ್ಯಾಪ್ಟನ್ ಹಡಗನ್ನು ಗಾಳಿಗೆ ಅಡ್ಡಲಾಗಿ ನಿಲ್ಲಿಸಿ ಅದನ್ನೇ ಗೋಡೆ ಮಾಡಿದರು. ಗೋಡೆಯ ಮರೆಯಲ್ಲೂ ನೀರು ಕುದಿಯುತ್ತಲೇ ಇತ್ತು. ಹಗ್ಗದ ಏಣಿ ಇಳಿಬಿಟ್ಟೆವು. ಆ ಬೆಸ್ತರ ಕೈ ಊದಿಕೊಂಡು ಹಗ್ಗ ಹಿಡಿಯಲೂ ಆಗುತ್ತಿರಲಿಲ್ಲ. ನಾನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದೆ. ಅಲೆ ಎದ್ದಾಗ ದೋಣಿ ನನ್ನ ಕಾಲಿಗೆ ಬಂದು ಬಡಿಯುತ್ತಿತ್ತು, ಇಳಿದಾಗ ಮಾಳಿಗೆಯಷ್ಟು ಕೆಳಗೆ ಹೋಗಿಬಿಡುತ್ತಿತ್ತು. ಎದ್ದ ಆ ಕ್ಷಣದಲ್ಲಿ ಒಬ್ಬನ ಕಂಕುಳಿಗೆ ಹಗ್ಗ ಹಾಕಬೇಕು, ಮೇಲಿನವರು ಎಳೆಯಬೇಕು. ಮೇಲೆ ಹಗ್ಗ ಹಿಡಿದಿದ್ದವರ ಮುಂದಾಳು ಇಬ್ರಾಹಿಂ. ಎಲ್ಲರನ್ನೂ ಎಳೆದುಕೊಂಡ ಮೇಲೆ ನೋಡಿದರೆ ಅವನ ಅಂಗೈಯಲ್ಲಿ ಚರ್ಮವೇ ಇರಲಿಲ್ಲ. "ಕೆಳಗೆ ಇನ್ನೂ ಯಾರಾದರೂ ಇದ್ದಾರಾ?" ಎಂದು ಕೇಳಿದನೇ ಹೊರತು ಕೈ ನೋಡಿಕೊಳ್ಳಲಿಲ್ಲ.

ಬಿಸಿ ಚಹಾ ಕುಡಿದ ಮೇಲೆ ಅವರಲ್ಲಿ ಹಿರಿಯ ಬಾಯಿ ಬಿಟ್ಟ. ಐಸ್ ಪೆಟ್ಟಿಗೆಯ ಮುಚ್ಚಳ ಹಿಡಿದು ಇನ್ನಿಬ್ಬರು ತೇಲಿಹೋಗಿದ್ದರು. ಅದರಲ್ಲೊಬ್ಬ ಅವನ ತಮ್ಮ. ಕ್ಯಾಪ್ಟನ್ ನನ್ನನ್ನು ಪಕ್ಕಕ್ಕೆ ಕರೆದು, "ಹುಡುಕಬೇಕು. ಆದರೆ ನಿಮ್ಮ ತಾಯಿ..." ಎಂದು ನಿಲ್ಲಿಸಿದರು. ಆಗ ನೆನಪಾದೆ ನೀನು. ನಾನು ಬೇಡವೆಂದರೂ ಅವರು ಹುಡುಕುವವರೇ ಎಂದು ನನಗೆ ಗೊತ್ತಿತ್ತು. ಆದರೂ ಕೇಳಿದರಲ್ಲ! "ಹುಡುಕೋಣ ಸರ್" ಎಂದೆ.

ಮರುದಿನ ಮಧ್ಯಾಹ್ನ ಆ ತಮ್ಮ ಸಿಕ್ಕಿದ, ಜೀವ ಇತ್ತು. ಇನ್ನೊಬ್ಬ ಸಿಗಲೇ ಇಲ್ಲ. ಅಣ್ಣನಾದವನು ನನ್ನ ಎರಡೂ ಕೈ ಹಿಡಿದುಕೊಂಡು ತಮಿಳಿನಲ್ಲಿ, "ನಿನ್ನನ್ನು ಹೆತ್ತ ತಾಯಿ ನೂರು ವರ್ಷ ಬಾಳಲಿ" ಎಂದ. ಆ ಹೊತ್ತಿಗೆ ನೀನು ಇನ್ನೂ ಇದ್ದೆಯೋ, ಅಥವಾ...

ಮನೆ ಮುಟ್ಟಿದಾಗ ನಿನ್ನನ್ನು ಮಣ್ಣು ಮಾಡಿ ಆಗಿತ್ತು. ಗಿರಿಜಕ್ಕ ಗೋಡೆಗೊರಗಿ ಕೂತಿದ್ದಳು. "ಬಾಗ್ಲು ಕಡೆ ನೋಡ್ತಾ ನೋಡ್ತಾನೇ ಓಗ್ಬುಟ್ಲು. ಬಂದ್ನಾ, ಬಂದ್ನಾ ಅಂತ ಕೇಳ್ತಾನೇ ಇದ್ಲು" ಎಂದಳು. ನಡೆದದ್ದನ್ನು ಹೇಳಿದೆ. ಅವಳ ಮುಖ ಕಲ್ಲಾಯಿತು. "ಊರ ಮಕ್ಳನ್ನೆಲ್ಲ ಉಳಿಸ್ಬುಟ್ಟೆ. ಹೆತ್ತವ್ಳ ಬಾಯಿಗೆ ಒಂದ್ ತೊಟ್ಟು ನೀರು ಬುಡಕ್ಕಾಗ್ಲಿಲ್ಲ ನಿನ್ಗೆ." ಹೊರಗೆ ಹೋಗಿ ನೋಡಿದ್ದು ನೀನು ಕಲಿಸಿದ ಅಭ್ಯಾಸದಿಂದ ಎಂಬುದೊಂದನ್ನು ಮಾತ್ರ ನುಂಗಿಕೊಂಡೆ. ಹೇಳಿದರೆ ಸತ್ತವಳ ಮೇಲೆ ಹೊರೆ ಹೊರಿಸಿದ ಹಾಗಾಗುತ್ತಿತ್ತು.

ಅಲ್ಲಿಂದಾಚೆಗೆ ಅಕ್ಕ ನನ್ನ ಮನೆಯಲ್ಲಿ ಒಂದು ಅಗುಳು ಮುಟ್ಟಲಿಲ್ಲ. ನಾನು ಸಮುದ್ರ ಬಿಟ್ಟು ಕುವೆಂಪುನಗರದಲ್ಲಿ ಮನೆ ಮಾಡಿದ ಮೇಲೂ, ನಿನ್ನ ಪುಣ್ಯದಿನಕ್ಕೆ ಬರುತ್ತಿದ್ದಳು, ನಿನ್ನ ಫೋಟೋಗೆ ಹೂವಿಟ್ಟು ಹೊರಟುಬಿಡುತ್ತಿದ್ದಳು. "ಅಕ್ಕ, ಊಟ" ಎಂದರೆ "ನಂದಾಯ್ತು" ಎನ್ನುತ್ತಿದ್ದಳು. ಹತ್ತು ವರ್ಷ ಆಗುತ್ತಾ ಬಂತು ಅವ್ವಾ. ಬೆಳ್ಳುಳ್ಳಿ ಒಗ್ಗರಣೆಗೆ ಸೋಲದೆ ಇಷ್ಟು ವರ್ಷ ಹಟ ಹಿಡಿಯುವುದು ನಿನ್ನ ಮಗಳಿಗಲ್ಲದೆ ಇನ್ಯಾರಿಗೆ ಸಾಧ್ಯ?

ಕಳೆದ ಸೋಮವಾರವೂ ನಿನ್ನ ದಿನ. ಬಂದವರೆಲ್ಲ ಉಂಡು ಹೋಗಿದ್ದರು, ಮನೆಯವರದಷ್ಟೇ ಬಾಕಿ. ಅಕ್ಕ ಚಪ್ಪಲಿ ಮೆಟ್ಟುತ್ತಿದ್ದಳು. ಅಷ್ಟರಲ್ಲಿ ನನ್ನ ಮಗಳು, "ಅಪ್ಪ, ದೋಣಿ ಹಿಂದೆ ಉಳಿದಿತ್ತಲ್ಲ, ನಿನಗೆ ಹೇಗೆ ಕಾಣಿಸ್ತು?" ಎಂದು ಕೇಳಿದಳು. ಮಗುವಿಗೆ ಸುಳ್ಳು ಹೇಳಲೇ? ಹೇಳಿಬಿಟ್ಟೆ. ಊಟದ ಹೊತ್ತಾಗಿತ್ತು ಎಂದೆ. ನಿಮ್ಮಜ್ಜಿ ಹೊರಗೆ ಹೋಗಿ ಹಸಿದವರಿದ್ದಾರಾ ಎಂದು ನೋಡದೆ ನಮಗೆ ಎಂದೂ ಬಡಿಸುತ್ತಿರಲಿಲ್ಲ, ಅದೇ ರೂಢಿ ನನಗೂ ಬಂದಿತ್ತು ಎಂದೆ.

ಅಕ್ಕ ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತಿದ್ದಳು. ಅಂಗಳ ದಾಟಿ ಗೇಟು ತೆರೆದಳು. ಹೋದಳು ಎಂದುಕೊಂಡೆ. ಹೋಗಲಿಲ್ಲ. ಬೀದಿಯಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಆ ತುದಿ ನೋಡಿದಳು, ಈ ತುದಿ ನೋಡಿದಳು. ಒಳಗೆ ಬಂದು, ಚಪ್ಪಲಿ ಬಿಟ್ಟು, ಕೈ ತೊಳೆದು, ತಟ್ಟೆಯ ಮುಂದೆ ಕೂತಳು.

"ಯಾರೂ ಇಲ್ಲ ಕಣೋ," ಎಂದಳು. "ಬಾ, ಉಣ್ಣನ."