ಕೆಳಗಿನ ಕೀಲಿನ ಹಿಂದೆ ಒಂದು ತಗಡು

ಫೆಬ್ರವರಿ 6, ಬೆಳಿಗ್ಗೆ 8.10

...ಹೂಂ, ಓಡ್ತಾ ಇದೆ. ಹೊಸ ಕಾರಿನ ಎರಡನೇ ಮಾದರಿ ಗಾಡಿ. ಎಡಗಡೆ ಮುಂದಿನ ಬಾಗಿಲು. ಡ್ರಾಯಿಂಗಲ್ಲಿ ಹೇಗಿದೆಯೋ ಹಾಗೇ ಕೂರಿಸಿದೆ. ಮತ್ತೆ ಅದೇ ಕಥೆ. ಬೀಗದ ಕಡೆ ಮೂರು ಮಿಲಿಮೀಟರ್ ಜೋತು ಬಿದ್ದಿದೆ, ಎಷ್ಟು ನೂಕಿದ್ರೂ ಲಾಕ್ ಸಿಗಲ್ಲ. ಮೊದಲನೇ ಗಾಡೀಲಿ ನನ್ನ ಕೈದೇ ತಪ್ಪು ಅಂದ್ಕೊಂಡು, ಬಗ್ಗಿಸಿ ಒತ್ತಿ ಸುಧಾರಿಸಿದ್ದೆ. ಎರಡರಲ್ಲೂ ಹಾಗೇ ಆಗುತ್ತೆ ಅಂದ್ರೆ ತಪ್ಪು ಕೈದಲ್ಲ. ಕೀಲು ಕೂರೋ ಜಾಗಾನೇ ತಪ್ಪು. ನೋಟ್‌ಬುಕ್ಕಲ್ಲಿ ಬರೀಬೇಕು, ಕೈಯೆಲ್ಲ ಗ್ರೀಸು. ಅದಕ್ಕೇ ಫೋನಿಗೆ ಹೇಳ್ತಿರೋದು.

"ಯಾರ ಜೊತೆ ಮಾತು, ರೇಡಿಯೋ?" — ವೆಲ್ಡರ್. ಈ ಷೆಡ್ಡಲ್ಲಿ ನನಗೆ ಬೇರೆ ಹೆಸರೇ ಇಲ್ಲ.

"ಫೋನ್ ಜೊತೆ. ಅದಾದ್ರೆ ಮಧ್ಯೆ ಬಾಯಿ ಹಾಕಲ್ಲ."

"ಪಾಪ, ಅದರ ಕಿವಿ."

ಅಗೋ, ಭಾವ ಬಂದ್ರು. ಇಲ್ಲಿ ಬಾಡಿ ಡಿಸೈನ್ ಹೆಡ್ಡು, ಮನೇಲಿ ನಮ್ಮಕ್ಕ ಗೆರೆ ಎಳೆದ್ರೆ ದಾಟದ ಗಂಡ. ಭಾವ, ಬನ್ನಿ ಇಲ್ಲಿ. ಇದು ನೋಡಿ. ಕೀಲಿನ ಜಾಗ ಎರಡು ಮಿಲಿಮೀಟರ್ ತಪ್ಪಿದೆ. ನನ್ನ ಫಿಟಿಂಗ್ ಅಲ್ಲ, ಡ್ರಾಯಿಂಗೇ...

"ಏನದು ಕೈಯಲ್ಲಿ?"

"ಫೋನು. ಮರೆತುಹೋಗಬಾರದು ಅಂತ ಹೇಳಿ ಇಟ್ಕೋತಿದ್ದೆ."

"ಆಫ್ ಮಾಡು ಅದನ್ನ. ಒಂದು ಮಾತಿದೆ."

"ಆಯ್ತು ಭಾವ, ಮಾಡ್—"

ಫೆಬ್ರವರಿ 6, ಸಂಜೆ 6

ಬಸ್ಸಿಗೆ ಕಾಯ್ತಿದ್ದೀನಿ. ಎದುರುಗಡೆ ಫ್ಯಾಕ್ಟರಿ ಕಾಂಪೌಂಡಿಗೆ ಬಣ್ಣ ಹೊಡೀತಿದ್ದಾರೆ. ಹೊಸ ಕಾರು ಬರೋಕೆ ಮುಂಚೆ ಹೊಸ ಗೋಡೆ.

ಭಾವ ಹೇಳಿದ್ದು ಇಷ್ಟು. ಬಾಗಿಲಿನ ಡೈಗಳನ್ನ, ಅಂದ್ರೆ ತಗಡು ಒತ್ತೋ ಅಚ್ಚುಗಳನ್ನ, ಹೋದ ತಿಂಗಳೇ ಕೊರೆಯೋಕೆ ಕೊಟ್ಟಾಗಿದೆ. ಡ್ರಾಯಿಂಗ್‌ಗೆ ಸಹಿ ಹಾಕಿದ್ದು ಅವರೇ. ಈಗ ತಪ್ಪು ಅಂತ ಹೊರಗೆ ಬಿದ್ರೆ ಆರು ತಿಂಗಳು ಹಿಂದಕ್ಕೆ ಹೋಗುತ್ತೆ, ಅವರ ತಲೆ ಉರುಳುತ್ತೆ. "ಸದ್ಯಕ್ಕೆ ನೀನು ಕೈಯಲ್ಲಿ ಸರಿ ಮಾಡು. ಫ್ಯಾಕ್ಟರಿ ಲೈನ್ ಶುರು ಆಗೋದ್ರೊಳಗೆ ನಾನು ಸದ್ದಿಲ್ಲದೆ ತಿದ್ದಿಸ್ತೀನಿ. ಚೀಟಿ ಬರೀಬೇಡ."

ಚೀಟಿ ಅಂದ್ರೆ ಷೆಡ್ಡಿನ ನಿಯಮ. ಡ್ರಾಯಿಂಗ್ ಬಿಟ್ಟು ಒಂದು ತೂತು ಆಚೀಚೆ ಮಾಡಿದ್ರೂ ಚೀಟಿ ಬರೆದು ಸಹಿ ಹಾಕಿ ಗಾಡಿ ಫೈಲಿಗೆ ಸೇರಿಸಬೇಕು. ಇಪ್ಪತ್ತೆಂಟು ವರ್ಷದಲ್ಲಿ ಒಂದು ಚೀಟಿ ತಪ್ಪಿಸಿಲ್ಲ ನಾನು.

ಇವತ್ತು ತಪ್ಪಿಸಿದೆ.

ತಗಡಿನ ಚೂರು ಕತ್ತರಿಸಿದೆ, ಹೆಬ್ಬೆರಳಿನಷ್ಟಗಲ, ಎರಡು ಮಿಲಿಮೀಟರ್ ದಪ್ಪ. ಅರದಿಂದ ಉಜ್ಜಿದೆ. ಒಂದು ಮೂಲೆಗೆ ಪಂಚ್ ಉಳೀಲಿ ಚುಕ್ಕೆ ಹೊಡೆದೆ, ನನ್ನ ಕೆಲಸಕ್ಕೆಲ್ಲ ಹೊಡೀತೀನಿ. ಕೆಳಗಿನ ಕೀಲಿನ ಹಿಂದೆ ಇಟ್ಟು ಬೋಲ್ಟ್ ಬಿಗಿದೆ. ಬಾಗಿಲು ಬಾಲ ಎತ್ತಿತು. ಭಾವ ಹಾಕಿ ನೋಡಿದ್ರು. ಧಪ್. ಮೆತ್ತಗೆ, ದಪ್ಪ ಪುಸ್ತಕ ಮುಚ್ಚಿದ ಹಾಗೆ.

"ನಿನ್ನ ಕೈಗೆ ಕಡಗ ತೊಡಿಸ್ಬೇಕು ಕಣೋ" ಅಂದ್ರು.

ಖುಷಿ ಆಯ್ತು. ಸುಳ್ಳು ಯಾಕೆ ಹೇಳಲಿ.

ಮಾರ್ಚ್ 19, ಮಧ್ಯಾಹ್ನ 1

ಏಳನೇದೂ ಮುಗೀತು. ಏಳು ಗಾಡಿ, ಏಳರಲ್ಲೂ ತಗಡು, ಮೊದಲನೇದಕ್ಕೂ ಆಮೇಲೆ ಹಾಕಿದೆ. ಏಳರಲ್ಲೂ ಧಪ್. ದೊಡ್ಡವರೆಲ್ಲ ಬಂದಿದ್ರು, ಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ, ಆಟದ ಸಾಮಾನು ಸಿಕ್ಕವರ ಹಾಗೆ. ಭಾವ ಪಕ್ಕದಲ್ಲೇ ನಿಂತು, "ಡಿಸೈನ್ ಗಟ್ಟಿ ಇದ್ರೆ ಹೀಗೇ" ಅಂದ್ರು. ನಾನು ನೆಲ ನೋಡ್ದೆ. ವೆಲ್ಡರ್ ನನ್ನ ನೋಡ್ದ. ಇಬ್ರೂ ಕಷ್ಟಪಟ್ಟು ನಗು ತಡೆದ್ವಿ.

ಆಮೇಲೆ ಹೊಸ ಫ್ಯಾಕ್ಟರಿ ತೋರಿಸಿದ್ರು. ಅಬ್ಬಾ, ಏನುದ್ದ! ಈ ತುದೀಲಿ ತಗಡು ಒಳಗೆ ಹೋದ್ರೆ ಆ ತುದೀಲಿ ಕಾರು. ನೆಲ ಎಷ್ಟು ಶುಚಿ ಅಂದ್ರೆ ಚಪ್ಪಲಿ ಬಿಡೋಣ ಅನ್ನಿಸ್ತು. "ಸುತ್ತಿಗೆ ಎಲ್ಲಿಡ್ತೀರ?" ಅಂತ ಕೇಳ್ದೆ. ಕ್ವಾಲಿಟಿ ಮೇಡಂ ಅಂತ ಒಬ್ರು, ಫ್ಯಾಕ್ಟರಿಗೆ ಹೊಸಬರು, ಕನ್ನಡಕದ ಮೇಲಿಂದ ನೋಡಿದ್ರು. "ಇಲ್ಲಿ ಸುತ್ತಿಗೆ ಬೇಕಾಯ್ತು ಅಂದ್ರೆ ಹಿಂದೆ ಯಾರೋ ಸುಳ್ಳು ಹೇಳಿದ್ದಾರೆ ಅಂತ ಅರ್ಥ."

ಭಾವನ್ನ ಪಕ್ಕಕ್ಕೆ ಕರೆದು, "ತಿದ್ದಿಸಿದ್ರಾ?" ಅಂದೆ.

"ಆಗುತ್ತೆ. ನೀನ್ಯಾಕೆ ತಲೆ ಕೆಡಿಸ್ಕೋತೀಯ? ಲೈನ್ ಶುರುವಾಗ್ಲಿ, ಫಿಟಿಂಗ್ ಸೆಕ್ಷನ್‌ಗೆ ನಿನ್ನನ್ನೇ ಹೆಡ್ ಮಾಡಿಸ್ತೀನಿ."

ತಲೆ ಕೆಡಿಸ್ಕೊಳ್ಳಲಿಲ್ಲ.

ಏಪ್ರಿಲ್ 2, ಮಧ್ಯಾಹ್ನ 3

ಅಕ್ಕನ ಮನೆ ಊಟ. ಮಹಡಿ ಮೆಟ್ಟಿಲ ಮೇಲೆ ಕೂತು ಹೇಳ್ತಿದ್ದೀನಿ, ಹೊಟ್ಟೆ ಭಾರ. ಐವತ್ತಾಯ್ತು ನನಗೆ, ಇನ್ನೂ ಪುಟ್ಟ ಅಂತಾಳೆ. ಅಮ್ಮ ಹೋದಾಗ ನನಗೆ ಒಂಬತ್ತು, ಅವಳಿಗೆ ಹದಿನಾರು. ಅವತ್ತಿಂದ ತಟ್ಟೆಗೆ ಅನ್ನ ಹಾಕ್ತಾ ಇದ್ದಾಳೆ, ಸಾಕು ಅಂದ್ರೆ ಕಿವಿ ಕೇಳಿಸಲ್ಲ.

ಭಾವ ಉಂಡವರೇ ಮಲಗೋಕೆ ಹೋದ್ರು.

"ನಿನ್ನ ಭಾವ ನಿದ್ದೇಲೂ ಬಾಗಿಲು ಬಾಗಿಲು ಅಂತಾರೆ ಪುಟ್ಟ" ಅಂದ್ಲು.

"ತೆಗೀಲಾ ಅಂತ ಕೇಳ್ಬೇಕಿತ್ತು."

ನಗ್ತಾಳೆ ಅಂದ್ಕೊಂಡೆ. ನಗಲಿಲ್ಲ. ಎದ್ದು ಪಾತ್ರೆ ಎತ್ತಿಟ್ಲು.

ಮೇ 11, ಸಂಜೆ 5.30

ಲೈನಲ್ಲಿ ಮೊದಲ ನಲವತ್ತು ಗಾಡಿ ಬಂದ್ವು. ಒಂದರ ಬಾಗಿಲೂ ಕೂರ್ತಿಲ್ಲ.

ಮೂರು ಮಿಲಿಮೀಟರ್. ಅದೇ ಮೂರು.

ಸಾಲಾಗಿ ನಿಂತಿದ್ವು ನಲವತ್ತೂ, ಎಲ್ಲಾ ಬಾಯಿ ಅರ್ಧ ತೆರಕೊಂಡು. ನೀರು ಹೊಡೆದು ಪರೀಕ್ಷೆ ಮಾಡಿದ್ರೆ ಸೀಟೆಲ್ಲ ತೊಪ್ಪೆ. ಯಾರೋ ರಬ್ಬರ್ ಸುತ್ತಿಗೆ ತಂದಿದ್ದ. ಮೇಡಂ ಅದನ್ನ ಕಿತ್ಕೊಂಡು ಮೇಜಿನ ಮೇಲಿಟ್ರು. ನನ್ನನ್ನ ಕರೆಸಿದ್ರು. "ಷೆಡ್ಡಲ್ಲಿ ಏಳಕ್ಕೆ ಏಳೂ ಕೂತ್ವಲ್ಲ, ಹೇಗೆ?"

ನಾನು ಭಾವನ್ನ ನೋಡ್ದೆ. ಈಗ ಹೇಳ್ತಾರೆ, ಈಗ ಹೇಳ್ತಾರೆ...

"ವಿಚಾರಿಸೋಣ" ಅಂದ್ರು ಭಾವ.

ವಿಚಾರಿಸೋಣವಂತೆ! ತಿದ್ದಿಸಿಲ್ಲ. ಮೂರು ತಿಂಗಳು ಒಂದು ಗೆರೆ ತಿದ್ದಿಸಿಲ್ಲ ಈ ಮನುಷ್ಯ.

ಮೇ 13, ಬೆಳಿಗ್ಗೆ 9

ನಿನ್ನೆ ಸಂಜೆ ಕಾಗದ ಬಂತು. ಓದ್ತೀನಿ. "ಮಾದರಿ ಗಾಡಿಗಳ ಜೋಡಣೆಯಲ್ಲಿ ಡ್ರಾಯಿಂಗ್ ಮೀರಿ, ಚೀಟಿ ದಾಖಲಿಸದೆ, ಸ್ವಂತ ನಿರ್ಧಾರದಿಂದ ಬದಲಾವಣೆ ಮಾಡಿರುವ ಅನುಮಾನವಿದ್ದು..." ಸ್ವಂತ ನಿರ್ಧಾರ. ಹದಿನೇಳನೇ ತಾರೀಖು ವಿಚಾರಣೆ. ಉತ್ತರ ಸರಿಯಿಲ್ಲದಿದ್ರೆ ಕೆಲಸದಿಂದ ತೆಗೀತಾರೆ.

ಕೆಳಗೆ ಸಹಿ. ಆ ಸಹಿ ನನ್ನ ಮದುವೆ ಸಾಕ್ಷಿ ಕಾಗದದ ಮೇಲೂ ಇದೆ.

ಎಂಥ ಗೂಬೆ ತಂದು ಕೂರಿಸಿದ್ರು ನನ್ನ ತಲೆ ಮೇಲೆ. ಭಾವನಿಗೆ ಮೂರು ಸಲ ಫೋನ್ ಮಾಡ್ದೆ. ಎತ್ತಲಿಲ್ಲ. ಅಕ್ಕನಿಗೆ ಎರಡು ಸಲ ಮಾಡ್ದೆ. "ಅವರು ಸ್ನಾನಕ್ಕೆ ಹೋಗಿದ್ದಾರೆ ಪುಟ್ಟ." ಬೆಳಿಗ್ಗೆ ಏಳಕ್ಕೂ ಸ್ನಾನ, ಎಂಟಕ್ಕೂ ಸ್ನಾನ.

ಮೇ 14, ಮಧ್ಯಾಹ್ನ 12.20

ಷೆಡ್ಡು ಖಾಲಿ. ಗಾಡಿಗಳು ನಿಂತಿದ್ದ ಜಾಗದಲ್ಲಿ ಎಣ್ಣೆ ಕಲೆ ಮಾತ್ರ.

"ಬೆಳಿಗ್ಗೇನೇ ಲಾರಿ ಬಂತು" ಅಂದ ವೆಲ್ಡರ್. "ಆರು ಗಾಡೀನೂ ಗುಜರಿಗೆ. ಅಪ್ಪಚ್ಚಿ ಮಾಡೋಕೆ."

"ಯಾರ ಆರ್ಡರ್?"

"ಯಾರದು ಅಂತ ಕೇಳ್ತೀಯಲ್ಲ."

ಮಾದರಿ ಗಾಡಿಗಳನ್ನ ಕೊನೆಗೆ ನಾಶ ಮಾಡೋದು ನಿಯಮ, ಹೌದು. ಆದ್ರೆ ವರ್ಷ ಇಟ್ಕೊಂಡು ಮಾಡ್ತಾರೆ. ವಿಚಾರಣೆಗೆ ಮೂರು ದಿನ ಇರೋವಾಗ ಅಲ್ಲ.

"ಆರು ಅಂದ್ಯಲ್ಲ. ಇನ್ನೊಂದು?"

"ನಾಲ್ಕನೇದು. ಮುಂದಿನ ಹಾಲಲ್ಲಿ, ಗಾಜಿನ ಒಳಗೆ, ಬಂದವರಿಗೆಲ್ಲ ತೋರಿಸೋಕೆ ಇಟ್ಟಿದ್ದಾರಲ್ಲ. ಅದನ್ನ ಹೇಗಪ್ಪ ಗುಜರಿಗೆ ಹಾಕ್ತಾರೆ?"

ನಾಲ್ಕನೇದು. ಅದರ ತಗಡು ನನಗೆ ಚೆನ್ನಾಗಿ ನೆನಪಿದೆ. ಅರ ಜಾರಿ ಬೆರಳು ಕುಯ್ಕೊಂಡಿದ್ದೆ.

ಮೇ 17, ಮಧ್ಯಾಹ್ನ 2.40

ಕ್ಯಾಂಟೀನ್ ಹಿಂದೆ ನಿಂತಿದ್ದೀನಿ. ಸ್ವಲ್ಪ ಉಸಿರು...

ಹೇಳ್ತೀನಿ. ಎಲ್ಲಾ ಹೇಳ್ತೀನಿ, ಇಲ್ಲದಿದ್ರೆ ತಲೆ ಒಡೆಯುತ್ತೆ.

ವಿಚಾರಣೆ ಕೋಣೇಲಿ ಐದು ಜನ. ಮಧ್ಯೆ ಮೇಡಂ, ಅಂಚಲ್ಲಿ ಭಾವ. ನಾನು ಅಂದೆ, "ಮಾತು ಬೇಡ. ಕೆಳಗೆ ಹಾಲಿಗೆ ಬನ್ನಿ." ಬಂದ್ರು. ನಾಲ್ಕನೇ ಗಾಡಿ ಕೀಲಿನ ಬೋಲ್ಟ್ ಬಿಚ್ಚಿದೆ, ತಗಡು ಎಳೆದೆ, ಬೋಲ್ಟ್ ಮತ್ತೆ ಬಿಗಿದೆ. ಹತ್ತು ನಿಮಿಷದ ಕೆಲಸ. ಬಾಗಿಲು ಹಾಕಿ ಅಂದೆ ಮೇಡಂಗೆ. ಹಾಕಿದ್ರು. ಕೂರಲಿಲ್ಲ. ಮೂರು ಮಿಲಿಮೀಟರ್, ಅಳೆದು ನೋಡಿದ್ರು. ನಾನು ಎದೆ ಉಬ್ಬಿಸಿ ಹೇಳ್ದೆ, "ನೋಡಿ. ನಿಮ್ಮ ನಲವತ್ತು ಗಾಡೀಲಿರೋದು ಇದೇ. ತಪ್ಪಿರೋದು ಡ್ರಾಯಿಂಗ್, ನನ್ನ ಕೈಯಲ್ಲ."

ಮೇಡಂ ತಗಡನ್ನ ಅಂಗೈ ಮೇಲಿಟ್ಕೊಂಡು ತಿರುಗಿಸಿ ನೋಡಿದ್ರು. "ಈ ಚುಕ್ಕೆ?"

"ನನ್ನ ಗುರುತು ಮೇಡಂ."

"ಅಂದ್ರೆ ಇದನ್ನ ಹಾಕಿದ್ದು ನೀವು."

"ಹೌದು."

"ಏಳರಲ್ಲೂ? ಚೀಟಿ ಇಲ್ಲದೆ?"

ಇಂಗು ತಿಂದ ಮಂಗನ ಹಾಗೆ ನಿಂತೆ. ನನ್ನ ಮೇಲಿನ ಆರೋಪಾನ ನಾನೇ ಬೋಲ್ಟ್ ಬಿಚ್ಚಿ ತೆಗೆದು ಅವರ ಕೈಗೆ ಕೊಟ್ಟಿದ್ದೆ! ಡ್ರಾಯಿಂಗ್ ತಪ್ಪು, ಅದು ಸಾಬೀತಾಯ್ತು. ಅದನ್ನ ಮುಚ್ಚಿಟ್ಟವನು ನಾನು, ಅದೂ ಸಾಬೀತಾಯ್ತು.

ಮೇಡಂ ಧ್ವನಿ ಸ್ವಲ್ಪ ಇಳಿಸಿದ್ರು. "ನೀವಾಗೇ ಮಾಡಿದ್ರಾ? ಯಾರಾದ್ರೂ ಹೇಳಿದ್ರಾ?"

"ಭಾವ ಹೇಳಿದ್ರು" ಅಂದೆ. ಅಲ್ಲಿ ಸರ್ ಅನ್ಬೇಕಿತ್ತು. ಭಾವ ಅಂತಾನೇ ಬಂತು ಬಾಯಲ್ಲಿ.

ಭಾವ ನನ್ನ ಕಡೆ ತಿರುಗಿದ್ರು. ಕೋಪ ಇರಲಿಲ್ಲ ಮುಖದಲ್ಲಿ, ಅದೇ ನೋಡಿ... ಕನಿಕರ ಇತ್ತು. "ಡ್ರಾಯಿಂಗ್ ತಪ್ಪಿದೆ ಅಂತ ನನಗೆ ಇವತ್ತೇ ಗೊತ್ತಾಗಿದ್ದು. ಒಂದು ಚೀಟಿ ಬರೆದಿದ್ರೆ ಅವತ್ತೇ ಸರಿ ಮಾಡ್ಬಹುದಿತ್ತು. ಗಾಬರೀಲಿ ಏನೋ ಹೇಳ್ತಿದ್ದಾನೆ, ಪಾಪ. ನಮ್ಮ ಮನೆಯವನೇ, ಏನು ಮಾಡೋದು."

ನಮ್ಮ ಮನೆಯವನೇ.

ಮೇಡಂ, "ಇಪ್ಪತ್ತನೇ ತಾರೀಖು ಹತ್ತು ಗಂಟೆಗೆ ಮತ್ತೆ ಸೇರ್ತೀವಿ. ನಿಮ್ಮ ಮಾತಿಗೆ ಏನಾದ್ರೂ ಆಧಾರ ಇದ್ರೆ ತನ್ನಿ" ಅಂದ್ರು.

ಮೇ 17, ಸಂಜೆ 7

ಆಧಾರ. ಫೋನಲ್ಲಿ ಹುಡುಕ್ದೆ. ಫೆಬ್ರವರಿ ಆರು, ಬೆಳಿಗ್ಗೆ. ಇದೆ! ಭಾವನ ಧ್ವನೀನೇ. ನನ್ನ ಹೆಂಡ್ತಿನ ಕೂಗಿ ಪಕ್ಕ ಕೂರಿಸ್ಕೊಂಡು ಹಾಕ್ದೆ.

"ಆಫ್ ಮಾಡು ಅದನ್ನ. ಒಂದು ಮಾತಿದೆ." "ಆಯ್ತು ಭಾವ, ಮಾಡ್—"

ಅಷ್ಟೇ. ಮುಗೀತು.

"ಮುಂದೆ?" ಅಂದ್ಲು.

"ಮುಂದೆ ಇಲ್ಲ."

"ಮೂರು ಹೊತ್ತೂ ಇದರ ಜೊತೆ ಮಾತಾಡ್ತೀರ. ಆಡಬೇಕಾದ ಒಂದು ದಿನ ಇದರ ಬಾಯಿ ಮುಚ್ಚಿಸಿದ್ರಿ."

ಡ್ರಾಯಿಂಗ್ ತಪ್ಪು ಅಂತ ನಾನು ಹೇಳಿದ್ದು ಅದರಲ್ಲಿದೆ. ಭಾವ ಕೇಳಿಸ್ಕೊಂಡಿದ್ದಕ್ಕೆ ಆಧಾರ ಏನಿದೆ? ನನ್ನ ಮಾತು ಮುಗಿಯೋಕೆ ಮುಂಚೆ ಫೋನ್ ಕಡೆ ತಿರುಗಿದ್ದಾರೆ. ಅವತ್ತು ಸಂಜೆಯ ನೋಟೂ ಕೇಳ್ದೆ. ಎಲ್ಲಾ ಹೇಳಿದ್ದೀನಿ, ಅಚ್ಚುಕಟ್ಟಾಗಿ. ನನ್ನ ಬಾಯಲ್ಲಿ. ನನ್ನ ಪರವಾಗಿ ನಾನೇ. ಯಾರು ನಂಬ್ತಾರೆ?

ಅದರ ಕೊನೇಲಿ "ಖುಷಿ ಆಯ್ತು" ಅಂದಿದ್ದೀನಿ. ಅದನ್ನ ಕೇಳೋಕಾಗ್ಲಿಲ್ಲ.

ಮೇ 19, ಸಂಜೆ 5.15

ನಾಳೆ ಹತ್ತು ಗಂಟೆ. ಅಡುಗೆಮನೆ ಬಾಗಿಲಿನ ಕೀಲು ಬಿಚ್ಚಿ ಕೂತಿದ್ದೀನಿ. ಆರು ವರ್ಷದಿಂದ ಕಿರ್ ಅಂತಿತ್ತು, ಊರಿನ ಬಾಗಿಲೆಲ್ಲ ಸರಿ ಮಾಡೋನ ಮನೇದು. ಹೆಂಡ್ತಿ ಅಂಗಡಿಗೆ ಹೋಗಿದ್ದಾಳೆ. ಮೇಡಂಗೆ ಏನು ಹೇಳೋದು? ಚೀಟಿ ಬರೀದೆ ಇದ್ದಿದ್ದು ನನ್ನ ತಪ್ಪು, ಅದನ್ನ ಒಪ್ಕೋತೀನಿ. ಸ್ವಂತ ನಿರ್ಧಾರ ಅನ್ನೋ ಮಾತಿಗೆ ಮಾತ್ರ ಸಹಿ...

ಯಾರೋ ಬಂದ್ರು. ಬಾಗಿಲು ತೆಗೆದೇ ಇದೆ, ಬನ್ನಿ. ಅಕ್ಕಾ! ನೀನಾ? ಬಸ್ಸಲ್ಲಿ ಬಂದ್ಯಾ ಇಷ್ಟು ದೂರ? ಕೂತ್ಕೋ. ಅಲ್ಲಲ್ಲ, ಅಲ್ಲಿ ಸ್ಕ್ರೂ ಇದೆ, ಇಲ್ಲಿ ಕೂತ್ಕೋ.

"ಊಟ ಮಾಡ್ತಿದ್ದೀಯಾ ಸರಿಯಾಗಿ?"

"ಅದನ್ನ ಕೇಳೋಕೆ ಬಂದ್ಯಾ?"

"ನಿನ್ನ ಭಾವ ಊಟ ಬಿಟ್ಟಿದ್ದಾರೆ."

"ಬಿಡಲಿ."

"ಹಾಗನ್ಬೇಡ ಪುಟ್ಟ. ನಾನು ಅವತ್ತೇ ಹೇಳ್ದೆ ಅವರಿಗೆ. ಮನೆಗೆ ಬಂದವರೇ, 'ಪುಟ್ಟನ ಕೈಲಿ ತಗಡು ಹಾಕಿಸ್ದೆ, ಚೀಟಿ ಬೇಡ ಅಂದೆ, ಸದ್ಯ ತಲೆ ಉಳೀತು' ಅಂದ್ರು. ಅವನಿಗೇನಾದ್ರೂ ಆದ್ರೆ ಅಂತ ಕೇಳ್ದೆ. 'ಅವನಿಗೇನಾಗುತ್ತೆ, ನಾನಿಲ್ವಾ' ಅಂದ್ರು."

"...ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಫೆಬ್ರವರಿಯಿಂದ? ಅವತ್ತು ಊಟಕ್ಕೆ ಬಂದಾಗ? ಸ್ನಾನಕ್ಕೆ ಹೋಗಿದ್ದಾರೆ ಅಂದಾಗ?"

"ಗೊತ್ತಿತ್ತು ಪುಟ್ಟ. ಏನು ಹೇಳ್ಲಿ? ಅವರಿಗೆ ಇನ್ನು ಎರಡು ವರ್ಷ ಇದೆ ರಿಟೈರ್ ಆಗೋಕೆ. ಈ ವಯಸ್ಸಲ್ಲಿ ಎಲ್ಲರ ಮುಂದೆ ತಲೆ ತಗ್ಗಿಸಿದ್ರೆ ಆ ಮನುಷ್ಯ ಉಳಿಯಲ್ಲ. ನೀನು ಕೈ ಕೆಲಸದವನು, ಎಲ್ಲಿ ಹೋದ್ರೂ ಬದುಕ್ತೀಯ. ನಾಳೆ ಅವರ ಹೆಸರು ಹೇಳ್ಬೇಡ ಅಂತ ಕೇಳೋಕೆ ಬಂದೆ."

"ನನ್ನ ತಟ್ಟೆಗೆ ಅನ್ನ ಹಾಕ್ತಾ ಸುಮ್ಮನಿದ್ಯಲ್ಲ ಅಕ್ಕ. ಒಂದು ವಿಷಯ. ಕದ್ದು ಮಾಡಿದ್ದಲ್ಲ ಇದು, ನೀನು ಬರೋಕೆ ಮುಂಚೇನೇ ಮಾತಾಡ್ತಿದ್ದೆ. ನೋಡು, ಇಲ್ಲಿ. ಓಡ್ತಾ ಇದೆ."

"ಏನದು?"

"ಫೋನು. ನೀನು ಹೇಳಿದ್ದೆಲ್ಲ ಇದರಲ್ಲಿದೆ."

"ಆಫ್ ಮಾಡು ಅದನ್ನ."

"ನೀನೂ ಅದೇ ಮಾತು. ಹಾಗಾದ್ರೆ ಅಳಿಸಿಬಿಡ್ಲಾ?"

"ಅಳಿಸು ಅಂತ ನಾನು ಹೇಳ್ಲಿಲ್ಲ ಪುಟ್ಟ. ಆಫ್ ಮಾಡು ಅಂದೆ ಅಷ್ಟೇ. ನಾನು ಅಳೋದೂ ಅದರಲ್ಲಿ ಬೀಳೋದು ಬೇಡ."

"ಆಯ್ತು ಅಕ್ಕ. ಮಾಡ್—"