ದೆವ್ವದ ಸುಟ್ಟ ಕೈ

ಶೇಡಬಾಳ
೨೩-೧೧-೧೯೯೪

ಪ್ರೀತಿಯ ಮಮತಾಜ,

ಇಲ್ಲಿ ನಾವೆಲ್ಲ ಆರಾಮ ಇದ್ದೇವೆ. ನಿಪ್ಪಾಣಿಯಲ್ಲಿ ನೀನೂ, ನಿನ್ನ ಅತ್ತೆಯ ಮನೆಯವರೂ ಆರಾಮ ಇದ್ದೀರಿ ಎಂದು ತಿಳಿದಿದ್ದೇನೆ. ನಿನ್ನ ಎರಡು ಪತ್ರ ಬಂದರೂ ಉತ್ತರ ಬರೆಯಲಿಲ್ಲ, ತಪ್ಪಾಯಿತು. ಶೇಂಗಾ ಬಿಡಿಸುವ ಕೆಲಸವಿತ್ತು ಎನ್ನಬಹುದು, ಆದರೆ ಎರಡು ತಿಂಗಳು ಯಾರ ಮನೆಯಲ್ಲೂ ಶೇಂಗಾ ಬಿಡಿಸುವುದಿಲ್ಲ.

ನಿನ್ನ ತವರಿನ ಸುದ್ದಿ ಹೇಳುತ್ತೇನೆ. ಗೌಸಸಾಬ ಕಾಕಾನ ಕೆಮ್ಮು ಈಗ ಕಡಿಮೆ. ನಿಮ್ಮ ಟೀವಿ ದಸರೆಯ ದಿನ ಟಪ್ ಎಂದು ಸುಟ್ಟಿತು. ರಿಪೇರಿಗೆ ಮಿರಜಿಗೆ ಹೋದದ್ದು ಇನ್ನೂ ಬಂದಿಲ್ಲ. ಅದಿದ್ದ ಜಾಗದಲ್ಲಿ ಕಾಕಾ ಹಿಟ್ಟಿನ ಡಬ್ಬಿ ಇಟ್ಟಿದ್ದಾರೆ. ನಮ್ಮ ಅಪ್ಪ ಟೀವಿ ತರುತ್ತೇನೆ ತರುತ್ತೇನೆ ಎನ್ನುತ್ತಲೇ ಇದ್ದಾನೆ.

ಈಗ ಸಿಟ್ಟಿನ ಮಾತು. ನಮ್ಮ ರವಿವಾರದ ದೆವ್ವದ ಧಾರಾವಾಹಿಯಲ್ಲಿ ತಪ್ಪು ಹಿಡಿದು ನೀನು ವಾರಪತ್ರಿಕೆಗೆ ಬರೆದದ್ದನ್ನು ಓದಿದೆ. ಬಂಗ್ಲೆಯ ಗೋಡೆಗೆ ಮಹಾವೀರರ ಪಟವಿದೆ, ಆದರೆ ಮನೆಮಂದಿ ರಾತ್ರಿ ಕಂದೀಲು ಹಚ್ಚಿಕೊಂಡು ಉಣ್ಣುತ್ತಾರೆ, ಜೈನರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ ಎಂದು ಬರೆದಿದ್ದೀ. ಒಳ್ಳೆಯ ತಪ್ಪನ್ನೇ ಹಿಡಿದಿದ್ದೀ. ಆದರೆ ಕೆಳಗೆ ಹೆಸರು ಏನು? 'ಮಮತಾಜ ಮತ್ತು ಕುಲಸುಂಬಿ, ನಿಪ್ಪಾಣಿ.'

ನಿನ್ನ ನಾದಿನಿಗೆ ನಮ್ಮ ಊಟದ ಹೊತ್ತಿನ ಗೊಡವೆ ಏನು? ಅದು ನಿನಗೆ ಗೊತ್ತಾದದ್ದು ನಮ್ಮ ಅಡುಗೆಮನೆಯಲ್ಲಿ. ಅವ್ವ ನಮ್ಮಿಬ್ಬರಿಗೂ ರೊಟ್ಟಿ ಹಾಕಿ, "ಲಗೂನ ಉಣ್ಣರೆವಾ, ಹೊತ್ತ ಮುಣಗತೈತಿ" ಎನ್ನುತ್ತಿದ್ದಳು. ಉಂಡ ಕೈ ತೊಳೆದು ನಿಮ್ಮ ಮನೆಗೆ ಓಡಿ ದೆವ್ವದ ಮುಂದೆ ಕೂರುತ್ತಿದ್ದೆವು. ಆ ತಪ್ಪು ಕಾಣುವ ಕಣ್ಣು ನಾನು ಕೊಟ್ಟದ್ದು. ಹೊಟ್ಟೆ ಉರಿಯಿತು ಮಮತಾಜ, ಮುಚ್ಚಿಡುವುದೇಕೆ?

ನಿನ್ನಿಂದ ನನಗೂ ಬಂದದ್ದಿದೆ, ಇಲ್ಲ ಎನ್ನುವುದಿಲ್ಲ. ಗೋರಿಯಿಂದ ದೆವ್ವ ಏಳುವ ಕಂತು ನೆನಪಿದೆಯಲ್ಲ? ಮಾತಾಡಿದರೆ ಕಾಕಾ ಬೈಯುತ್ತಾರೆಂದು, ತಪ್ಪು ಕಂಡವಳು ಇನ್ನೊಬ್ಬಳ ಕೈ ಹಿಸುಕಬೇಕೆಂಬುದು ನಮ್ಮ ಪದ್ಧತಿ. ಅವತ್ತು ನೀನು ನನ್ನ ಬಳೆ ಒಡೆಯುವ ಹಾಗೆ ಹಿಸುಕಿದ್ದೆ. ಜಾಹೀರಾತು ಬಂದಾಗ ಕಿವಿಯಲ್ಲಿ ಹೇಳಿದ್ದೆ: "ನಮ್ಮಲ್ಲಿ ಗೋರಿ ತಲಿ ಉತ್ತರಕ್ಕ ಇರಬೇಕಬೇ. ಇವರು ಸೂರ್ಯ ಹುಟ್ಟೋ ಕಡೆ ಮಾಡ್ಯಾರ. ಅದಕ ಎದ್ದ ಬಂದಾಳ ಆಕಿ." ನಕ್ಕು ನಕ್ಕು ಇಬ್ಬರೂ ಬೈಸಿಕೊಂಡೆವು. ಅದನ್ನು ಕುಲಸುಂಬಿಗೆ ಹೇಳಿ ನೋಡು, ನಗುವುದಿಲ್ಲ. ಅವಳಿಗೆ ಮೊದಲೇ ಗೊತ್ತಿರುತ್ತದೆ.

ನೀನಿಲ್ಲದೆ ನಾನೇನು ಕೈ ಕಟ್ಟಿ ಕೂತಿಲ್ಲ. ಮೊನ್ನೆ ರವಿವಾರ ನಿಮ್ಮ ಪಡಸಾಲೆಯಲ್ಲಿ, ನಮ್ಮ ಕಂಬಕ್ಕೇ ಒರಗಿ ಕೂತು ಮೂರು ತಪ್ಪು ಹಿಡಿದೆ. ದೆವ್ವದ ಸುಟ್ಟ ಕೈ ಹೋದ ವಾರ ಎಡದ್ದಿತ್ತು, ಈ ವಾರ ಬಲದ್ದಾಗಿದೆ. ಬಂಗ್ಲೆಯ ಮೇಣಬತ್ತಿ ಉರಿದಷ್ಟೂ ಉದ್ದವಾಗುತ್ತಿದೆ. ಬಾವಿಗೆ ಬಿದ್ದವಳು ಎದ್ದು ಬಂದಾಗ ಸೀರೆಯೆಲ್ಲ ತೊಯ್ದಿದೆ, ಮುಡಿದ ಮಲ್ಲಿಗೆ ಮಾತ್ರ ಒಣಗಿದೆ. ಇದರಲ್ಲಿ ನಿನ್ನ ನಾದಿನಿಗೆ ಎಷ್ಟು ಕಂಡವು, ಕೇಳಿ ಬರೆ.

ಅವ್ವ ನಿನಗೆ ಆಶೀರ್ವಾದ ಹೇಳಿದ್ದಾಳೆ. ಬಸುರಿ ಇದ್ದೀ, ಭಾರ ಎತ್ತಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಮನೆ ತುಂಬಿರಲಿ, ಎಲ್ಲರೂ ಚೆನ್ನಾಗಿರಿ. ಕುಲಸುಂಬಿಯೂ ಇರಲಿ, ಪಾಪ.

ನಿನ್ನ
ಕುಸುಮ

ತಾ.ಕ.: ಇಷ್ಟು ಹೊತ್ತಿಗೆ ನೀನು ಹಿಡಿದಿರಬೇಕು. ಮೇಲೆ ನಿಮ್ಮ ಟೀವಿ ದಸರೆಯಿಂದ ಮಿರಜಿನಲ್ಲಿದೆ ಎಂದೆ, ಕೆಳಗೆ ಮೊನ್ನೆ ಅದರ ಮುಂದೆ ಕೂತಿದ್ದೆ ಎಂದೆ. ಆ ಮೂರೂ ತಪ್ಪು ನಾನೇ ಹುಟ್ಟಿಸಿದ್ದು. ನಮ್ಮ ಓಣಿಯ ಭಾವುಸಾಹೇಬರ ಮನೆಯಲ್ಲಿ ಟೀವಿ ಇದೆ, ಕರೆಯುತ್ತಾರೆ. ಒಮ್ಮೆ ಹೋದೆ. ಏನೋ ತಪ್ಪು ಕಂಡಿತು, ಹಿಸುಕಲು ಕೈ ಚಾಚಿದರೆ ಪಕ್ಕದಲ್ಲಿ ಅವರ ಮುದುಕಿ ತಾರವ್ವ ಕೂತಿದ್ದಳು. ಎದ್ದು ಮನೆಗೆ ಬಂದೆ. ನೀನು ಹೋದ ಮೇಲೆ ಪೂರಾ ಒಂದು ಕಂತು ನೋಡಿಲ್ಲ.

ಈ ಪತ್ರದ ತಪ್ಪನ್ನು ನೀನು ಹಿಡಿದಿದ್ದರೆ ಮರುಟಪಾಲಿಗೇ ಬರೆ. ಕುಲಸುಂಬಿ ಹಿಡಿದಿದ್ದರೆ ನನಗೆ ತಿಳಿಸಬೇಡ.