ವ್ಯಾನಿಗೊಂದು ಕೋಟು

ನ್ಯೂ ಟೌನ್, ಭದ್ರಾವತಿ
೯ ಜೂನ್ ೨೦೨೪

ಮುದ್ದು ಹೇಮಾ,

ಅಳಿಯಂದಿರಿಗೂ ಸಿರಿಗೂ ನಮ್ಮ ನೆನಕೆಗಳು. ಉತ್ತರ ತಡವಾಯಿತು, ಬೈಯಬೇಡ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಿನ್ನ ಕರೆ ಬಂತೆಂದರೆ ನಿಮ್ಮಪ್ಪ ಸ್ಪೀಕರ್ ಒತ್ತಿ ಪಕ್ಕದಲ್ಲೇ ಕೂರುತ್ತಾರೆ.

ನಿನ್ನ ಹೊಸ ಕೆಲಸ ಶುರುವಾದ ಮೇಲೆ ಸಿರಿಯನ್ನು ದಿನಾ ಶಾಲೆಯಿಂದ ರಾಗಿಗುಡ್ಡದ ನಿಮ್ಮ ಮನೆಗೆ ಅಪ್ಪನೇ ವ್ಯಾನಿನಲ್ಲಿ ಬಿಡಲಿ ಎಂದಿದ್ದೆಯಲ್ಲ, ಅಂದಿನಿಂದ ಅವರ ಕಾಲು ನೆಲದ ಮೇಲಿಲ್ಲ. ಬೆನ್ನಷ್ಟೇ ಇದೆ, ಅದೂ ವ್ಯಾನಿನ ಅಡಿಯಲ್ಲಿ. ಮಳೆಗಾಲಕ್ಕೆ ಮುಂಚೆ ಆ ಹಳೇ ಗಾಡಿಯ ಹೊಟ್ಟೆಗೆ ತುಕ್ಕು ತಡೆಯುವ ಕಪ್ಪು ಸ್ಪ್ರೇ ಹೊಡೆಯುವುದು ಅವರ ವಾರ್ಷಿಕ ವ್ರತ. ‘ಕೋಟಿಂಗ್’ ಅನ್ನುತ್ತಾರೆ. ಹೆಂಡತಿಗೊಂದು ಸ್ವೆಟರಿಗೆ ಗತಿಯಿಲ್ಲ, ವ್ಯಾನಿಗೆ ವರ್ಷಕ್ಕೊಂದು ಕೋಟು! ಬಾಗಿಲ ಕೆಳಗೆ ನೀರು ಇಳಿಯುವ ತೂತುಗಳು ಮುಚ್ಚಿಹೋಗದಂತೆ ಮೊದಲು ಬೆಂಕಿಕಡ್ಡಿ ಸಿಕ್ಕಿಸಿ, ಸ್ಪ್ರೇ ಒಣಗುವ ಮುನ್ನ ಕಿತ್ತುಬಿಡುವುದು ಅವರದೇ ಪದ್ಧತಿ. ಬೀದಿಯವರೆಲ್ಲ ಅವರಿಂದಲೇ ಕಲಿತದ್ದು.

ಮೊನ್ನೆ ಜೋರು ಮಳೆ. ಮಾರನೆಯ ದಿನ ಮೆಕ್ಯಾನಿಕ್ ಸತೀಶ್ ಬಾಗಿಲು ಎಳೆದರೆ ಒಳಗೆ ಗುಳುಗುಳು ಸದ್ದು.

“ಏನ್ ಯೋಗರಾಜಣ್ಣ, ಬಾಗ್ಲಲ್ಲಿ ಮೀನು ಸಾಕಿದೀರಾ?”

“ಸ್ಪ್ರೇ ಕ್ಯಾನೇ ಡೂಪ್ಲಿಕೇಟ್ ಮಾರಾಯ.”

“ಕ್ಯಾನ್ ಏನ್ ಮಾಡುತ್ತೆ? ಕಡ್ಡಿ ಕಿತ್ತೇ ಇಲ್ವಲ್ಲ ನೀವು! ಇಲ್ನೋಡಿ.”

ನಾನೂ ನಕ್ಕೆ. ನಿಮ್ಮಪ್ಪ ಬಗ್ಗಿ ಕೈಚಾಚಿದರು. ಸತೀಶನ ಬೆರಳು ಕಡ್ಡಿಯ ಮೇಲಿತ್ತು; ಇವರ ಬೆರಳು ಗೇಣು ದೂರದಲ್ಲಿ ತಗಡನ್ನು ತಡವುತ್ತಿತ್ತು. ಸತೀಶನ ನಗು ನಿಂತಿತು. ನನ್ನದೂ.

ಕಣ್ಣಿನ ಡಾಕ್ಟರ ಬಳಿ ಹೋಗೋಣವೆಂದರೆ, “ಹೋಗಿದ್ದೆ ಕಣೇ, ಯುಗಾದಿಗೆ ಮುಂಚೇನೇ. ಹೋದ ನೋಟ ವಾಪಸ್ ಬರಲ್ವಂತೆ. ಹೇಮಂಗೆ ಹೇಳ್ಬೇಡ. ಸಿರೀನ ಕರ್ಕೊಂಡ್ ಬರೋ ಕೆಲ್ಸಾನೂ ಹೋದ್ರೆ ನಾನೇನ್ ಮಾಡ್ಲಿ?” ಎಂದರು.

ಅದಕ್ಕೇ ಈ ಪತ್ರ. ಸಿರಿಗೊಂದು ಆಟೋ ಗೊತ್ತುಮಾಡು. ಶಾಲೆಯ ಹೊಸ ನಿಯಮ ಎಂದೇನಾದರೂ ಸುಳ್ಳು ಹೇಳು. ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದವಳು, ನಂಬುವಂಥದ್ದನ್ನೇ ಹೇಳು. ನಾನು ಬಾಯಿಬಿಟ್ಟೆನೆಂದು ಮಾತ್ರ ಅಪ್ಪನಿಗೆ ತಿಳಿಯಬಾರದು. ಸಿರಿಯನ್ನು ನೋಡಲು ಶನಿವಾರ ಬಸ್ಸಿನಲ್ಲಿ ಅವರನ್ನು ನಾನೇ ಕರೆತರುವೆ.

ಹೊಸ ಕೆಲಸ ನಿನ್ನ ಕೈಹಿಡಿಯಲಿ, ಮಗು ಚೆನ್ನಾಗಿರಲಿ.

ನಿನ್ನ ಅಮ್ಮ,
ದಾಕ್ಷಾಯಣಿ

ತಾ.ಕ.: ಇಂದು ಸಂಜೆ ಗೇಟಿನಲ್ಲಿ ಅವರ ಪಕ್ಕದಲ್ಲೇ ನಿಂತಿದ್ದೆ. “ದಾಕ್ಷಾ, ಎಲ್ಲಿದೀಯೇ? ಬಾರೇ ಇಲ್ಲಿ” ಎಂದು ಮನೆಯ ಕಡೆ ಕೂಗಿದರು. ಮದುವೆಯ ದಿನ ಹಿರಿಯರು ನಿಲ್ಲಿಸಿದ ಎಡಗಡೆಯಲ್ಲೇ ಇದ್ದೆ ಹೇಮಾ. ಸದ್ದಾಗದಂತೆ ಹಿಂದೆ ಸರಿದು, ಚಪ್ಪಲಿ ಸದ್ದು ಮಾಡುತ್ತ ಮುಂದೆ ಬಂದು, “ಬಂದೆ” ಅಂದೆ.